ಜಾಲಹಳ್ಳಿಯ ದಿಣ್ಣೆಯೂ ಎರಡು ನದಿಗಳ ಚರಿತ್ರೆಯೂ

1. ಪೀಠಿಕೆ

ನದಿಯು ಉಗಮದಿಂದ ಅಳಿವೆಯವರೆಗೆ ನೆಲವನ್ನು ಹೇಗೆ ರೂಪಿಸುತ್ತದೆ ಎಂಬ ಪ್ರಶ್ನೆಯನ್ನು ಭೂಗೋಳಶಾಸ್ತ್ರಜ್ಞರಿಗೆ ಒಪ್ಪಿಸಿ ಇತಿಹಾಸದ ಅಧ್ಯಾಪಕರು ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆ. ರಾಜವಂಶಗಳ ಪಾಠದ ಮೊದಲಿಗೆ 'ಭೌಗೋಳಿಕ ಹಿನ್ನೆಲೆ' ಎಂಬ ಒಂದು ಪುಟವಿರುತ್ತದೆ. ಆ ಪುಟ ಮಗುಚಿದೊಡನೆ ನದಿಗಳೂ ಮರೆಯಾಗುತ್ತವೆ. ಆದರೆ ನಮ್ಮ ನಾಡಿನ ನೆಲವನ್ನು ರೂಪಿಸಿದ್ದು ನದಿಯೊಂದೇ ಅಲ್ಲ. ನದಿಯ ಕೆಲಸವನ್ನು ಅರಿತು ಅದರೊಡನೆ ಕೈಗೂಡಿಸಿದ ಮನುಷ್ಯನೂ ಹೌದು. ಅವರಿಬ್ಬರ ಕೆಲಸವನ್ನು ಬೇರ್ಪಡಿಸಿ ನೋಡಿದರೆ ಎರಡೂ ಅರ್ಥವಾಗುವುದಿಲ್ಲ ಎಂಬುದು ಈ ಲೇಖನದ ಪ್ರತಿಪಾದನೆ.

ಇದಕ್ಕೆ ನಾವು ಆರಿಸಿಕೊಂಡಿರುವ ಸ್ಥಳ ಬೆಂಗಳೂರಿನ ಉತ್ತರ ಭಾಗದ ಜಾಲಹಳ್ಳಿ. ನದಿಯೊಂದೂ ಕಾಣದ ಊರನ್ನು ನದಿಯ ಚರ್ಚೆಗೆ ಆರಿಸಿಕೊಂಡುದು ವಿಚಿತ್ರವೆನಿಸಬಹುದು. ಆದರೆ ಬೆಂಗಳೂರಿನ ನಡುವೆ ಉತ್ತರ-ದಕ್ಷಿಣವಾಗಿ ಹಬ್ಬಿರುವ ದಿಣ್ಣೆಯ ಮೇಲಣ ಊರು ಇದು. ನಗರದ ಅತ್ಯುನ್ನತ ಸ್ಥಳವೆನ್ನಲಾದ, ಸಮುದ್ರಮಟ್ಟದಿಂದ ಸುಮಾರು 960 ಮೀಟರು ಎತ್ತರದ ದೊಡ್ಡಬೆಟ್ಟಹಳ್ಳಿಯೂ ಇದೇ ದಿಣ್ಣೆಯ ಮೇಲೆ, ಜಾಲಹಳ್ಳಿಯಿಂದ ಯಲಹಂಕದ ಕಡೆಗೆ ಇದೆ. ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಎಚ್.ಎಂ.ಟಿ. ಕಾರ್ಖಾನೆಗಳ ಆವರಣದಲ್ಲಿ ಬಿದ್ದ ಮಳೆ ಮತ್ತಿಕೆರೆಯ ಕಡೆಯ ನೀರನ್ನು ಕೂಡಿಕೊಂಡು ಹೆಬ್ಬಾಳದ ಕೆರೆಗೆ ಇಳಿದು, ಅಲ್ಲಿಂದ ನಾಗವಾರ, ಎಲೆಮಲ್ಲಪ್ಪಶೆಟ್ಟಿ ಕೆರೆಗಳ ಮಾರ್ಗವಾಗಿ ದಕ್ಷಿಣ ಪಿನಾಕಿನಿಯನ್ನು ಸೇರತಕ್ಕದ್ದು. ದಿಣ್ಣೆಯ ಪಶ್ಚಿಮಕ್ಕೆ, ದಾಸರಹಳ್ಳಿ, ಚೊಕ್ಕಸಂದ್ರದ ಕಡೆಗೆ ಬಿದ್ದ ಮಳೆ ಅರ್ಕಾವತಿಯ ಪಾಲು; ಆ ಮೂಲಕ ಕಾವೇರಿಯ ಪಾಲು. ಮೊದಲನೆಯದು ಕಡಲೂರಿನ ಬಳಿಯಲ್ಲಿಯೂ ಎರಡನೆಯದು ತಂಜಾವೂರು ಸೀಮೆಯ ಕರಾವಳಿಯಲ್ಲಿಯೂ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತವೆ. ನಡೆದುಹೋಗುವವನಿಗೆ ಏರು ಇಳಿತದ ಅರಿವೂ ಆಗದಷ್ಟು ನಯವಾದ ಈ ಜಲವಿಭಾಜಕವು 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನೊಳಗೂ ಪ್ರವೇಶಿಸಿತೆಂಬುದನ್ನು ಮುಂದೆ ಕಾಣಲಿದ್ದೇವೆ.

2. ಪಠ್ಯಪುಸ್ತಕದ ನದಿ ಮತ್ತು ನಮ್ಮ ನದಿ

ಅಮೆರಿಕದ ಭೂಗೋಳಜ್ಞ ವಿಲಿಯಂ ಮಾರಿಸ್ ಡೇವಿಸ್ ಅವರು 19ನೆಯ ಶತಮಾನದ ಕೊನೆಯಲ್ಲಿ ನಿರೂಪಿಸಿದ ಸವೆತದ ಚಕ್ರದ ಸಿದ್ಧಾಂತ ನಮ್ಮ ಪಠ್ಯಪುಸ್ತಕಗಳಲ್ಲಿ ಬಹುಕಾಲ ನೆಲೆಸಿತು. ಡೇವಿಸ್ ಅವರು ಯೌವನ, ಪ್ರೌಢಾವಸ್ಥೆ, ವಾರ್ಧಕ್ಯ ಎಂದದ್ದು ಕಾಲಕ್ರಮದಲ್ಲಿ ನೆಲ ತಾಳುವ ಅವಸ್ಥೆಗಳನ್ನು. ಪಾಠದ ಅನುಕೂಲಕ್ಕಾಗಿ ಅವನ್ನೇ ನದಿಯ ಮೇಲಿನ, ನಡುವಿನ, ಕೆಳಗಿನ ಪಾತ್ರಗಳಿಗೂ ಹೊಂದಿಸಿ ಹೇಳುವುದು ರೂಢಿಯಾಯಿತು. ಬೆಟ್ಟದಲ್ಲಿ ಹುಟ್ಟಿದ ನದಿ ಯೌವನದಲ್ಲಿ ಧುಮುಕಿ ಹರಿದು ಆಳವಾದ ಕಣಿವೆಯನ್ನು ಕೊರೆಯುತ್ತದೆ. ಪ್ರೌಢಾವಸ್ಥೆಯಲ್ಲಿ ಬಯಲಿಗಿಳಿದು ಕಣಿವೆಯನ್ನು ಅಗಲಿಸುತ್ತ, ಬಳುಕುತ್ತ, ಹೊತ್ತುತಂದ ಮಣ್ಣನ್ನು ಸಾಗಿಸುತ್ತದೆ. ವಾರ್ಧಕ್ಯದಲ್ಲಿ ವೇಗಗುಂದಿ, ಹೊರಲಾರದ ಹೊರೆಯನ್ನು ಕಡಲ ಬಾಗಿಲಲ್ಲಿ ಇಳಿಸಿ, ಕವಲೊಡೆದು ಮುಖಜಭೂಮಿಯನ್ನು ಕಟ್ಟುತ್ತದೆ. ಕೊರೆತ, ಸಾಗಣೆ, ಸಂಚಯ ಎಂಬ ಈ ಮೂರು ಕಾರ್ಯಗಳು ಎಲ್ಲ ನದಿಗಳಿಗೂ ಸಾಮಾನ್ಯವೆಂಬುದು ನಿರ್ವಿವಾದ. ಆದರೆ ಈ ಕ್ರಮವನ್ನೇ ನಮ್ಮ ಪ್ರಸ್ಥಭೂಮಿಯ ನದಿಗಳಲ್ಲಿ ಹುಡುಕಹೊರಟ ವಿದ್ಯಾರ್ಥಿ ತಬ್ಬಿಬ್ಬಾಗುತ್ತಾನೆ.

ಅರ್ಕಾವತಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಂದಿಬೆಟ್ಟದ ಪ್ರದೇಶದಲ್ಲಿ ಹುಟ್ಟಿದ ಈ ನದಿ ಬೆಟ್ಟದ ಬುಡವನ್ನು ಬಿಟ್ಟ ಮೇಲೆ ದೊಡ್ಡಬಳ್ಳಾಪುರ, ಹೆಸರಘಟ್ಟಗಳ ಸೀಮೆಯಲ್ಲಿ ಮುದಿನದಿಯಂತೆ ನಿಧಾನವಾಗಿ, ಅಗಲವಾದ ಆಳವಿಲ್ಲದ ತಗ್ಗುಗಳಲ್ಲಿ ಸಾಗುತ್ತದೆ. ರಾಮನಗರದ ಬಂಡೆಬೆಟ್ಟಗಳನ್ನು ಹಾದು ಕನಕಪುರವನ್ನು ದಾಟಿದ ಮೇಲೆ ಅದಕ್ಕೆ ಯೌವನ ಬರುತ್ತದೆ. ಚುಂಚಿಯಲ್ಲಿ ಬಂಡೆಗಳ ಮೇಲಿಂದ ಧುಮುಕಿ, ಕಾಡಿನ ನಡುವೆ ಕೊರಕಲು ಕಣಿವೆಯಲ್ಲಿ ಇಳಿದು, ಸಂಗಮವೆಂಬ ಸ್ಥಳದಲ್ಲಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿಂದ ಕೆಲವೇ ಮೈಲಿಗಳ ಕೆಳಗೆ ಮೇಕೆದಾಟುವಿನಲ್ಲಿ ಕಾವೇರಿಯಂಥ ಮಹಾನದಿಯೇ ಮೇಕೆ ದಾಟಿತೆಂಬ ಐತಿಹ್ಯಕ್ಕೆ ಎಡೆಗೊಡುವಷ್ಟು ಇಕ್ಕಟ್ಟಾದ ಕಮರಿಯನ್ನು ಕೊರೆದಿದೆ.

ಕಾವೇರಿಯ ಸ್ಥಿತಿಯೂ ಭಿನ್ನವಲ್ಲ. ಕೊಡಗಿನ ಬೆಟ್ಟಗಳನ್ನು ಇಳಿದ ಮೇಲೆ ಮೈಸೂರು, ಮಂಡ್ಯದ ಸೀಮೆಯಲ್ಲಿ ಅದು ಶಾಂತವಾಗಿ ಹರಿಯುತ್ತದೆ. ಶ್ರೀರಂಗಪಟ್ಟಣದಂಥ ನಡುಗಡ್ಡೆಗಳನ್ನು ಬಳಸಿಕೊಂಡು ಹೋಗುತ್ತದೆ. ಶಿವನಸಮುದ್ರದಲ್ಲಿ ಮಾತ್ರ ಗಗನಚುಕ್ಕಿ, ಭರಚುಕ್ಕಿಗಳಾಗಿ ಪ್ರಪಾತಕ್ಕೆ ಬೀಳುತ್ತದೆ. 1902ರಲ್ಲಿ ಆ ಬೀಳಿನ ಬಲದಿಂದಲೇ ವಿದ್ಯುತ್ತನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಲಾಯಿತು. ಕೃಷ್ಣರಾಜಸಾಗರದ ಪೂರ್ಣ ಜಲಮಟ್ಟ ಸಮುದ್ರಮಟ್ಟದಿಂದ ಸುಮಾರು 750 ಮೀಟರು. ಮೆಟ್ಟೂರಿನದು ಸುಮಾರು 240 ಮೀಟರು. ಎಂದರೆ ನದಿಯು ತನ್ನ ನಡುವಯಸ್ಸಿನಲ್ಲಿ ಸುಮಾರು 500 ಮೀಟರು ಇಳಿಯುತ್ತದೆ.

ಇದರ ಕಾರಣವನ್ನು ಭೂವಿಜ್ಞಾನಿಗಳು ತಿಳಿಸಿದ್ದಾರೆ. ನಮ್ಮ ಪ್ರಸ್ಥಭೂಮಿಯ ತಳದಲ್ಲಿರುವುದು 250 ಕೋಟಿ ವರ್ಷಗಳಿಗೂ ಹಳೆಯದಾದ ನೈಸ್ ಶಿಲೆ. ಅದು ದೀರ್ಘಕಾಲ ಸವೆದು ಸಮತಟ್ಟಾದ ಬಳಿಕ ಭೂಭಾಗವೇ ಮೇಲಕ್ಕೆತ್ತಲ್ಪಟ್ಟಿತು. ಹಾಗೆ ಎತ್ತಲ್ಪಟ್ಟ ನೆಲದ ಅಂಚಿನಲ್ಲಿ ನದಿಗೆ ಹೊಸ ಇಳಿಜಾರು ದೊರೆತು, ಅದು ಪುನರ್ಯೌವನವನ್ನು ಪಡೆದು, ಕೆಳಗಿನಿಂದ ಮೇಲಕ್ಕೆ ಬಂಡೆಯನ್ನು ಕೊರೆಯುತ್ತ ಬಂದಿತು. ಜಲಪಾತವೆಂದರೆ ಆ ಕೊರೆತ ಈಗ ತಲುಪಿರುವ ಸ್ಥಳ. ಜಾಲಹಳ್ಳಿಯ ದಿಣ್ಣೆಗೆ ಆ ಕೊರೆತ ಇನ್ನೂ ಮುಟ್ಟಿಲ್ಲ. ಆದಕಾರಣ ನಮ್ಮ ಉಗಮಪ್ರದೇಶವು ಹಳೆಯ ಸಮತಲದ ಉಳಿಕೆ. ಇಲ್ಲಿ ಮಳೆಯ ನೀರು ಅವಸರಪಡುವುದಿಲ್ಲ. ಈ ನಿಧಾನವೇ ನಮ್ಮ ಜನಜೀವನದ ಇತಿಹಾಸಕ್ಕೆ ಅಡಿಗಲ್ಲಾಯಿತು.

3. ಉಗಮದಲ್ಲಿಯೇ ಅಳಿವೆ

ಧುಮುಕುವ ನೀರನ್ನು ಹಿಡಿಯುವುದು ಕಷ್ಟ. ತಂಗುವ ನೀರಿಗೆ ಮಣ್ಣಿನ ಏರಿ ಸಾಕು. ಬೆಂಗಳೂರಿನ ಸುತ್ತಿನ ನೆಲವನ್ನು ಅಡ್ಡಲಾಗಿ ಕೊಯ್ದು ನೋಡಿದಂತೆ ಕಲ್ಪಿಸಿಕೊಂಡರೆ ಮೂರು ಮೆಟ್ಟಿಲುಗಳು ಕಾಣುತ್ತವೆ. ಮೇಲೆ ಕೆಮ್ಮಣ್ಣಿನ ದಿಣ್ಣೆ. ಅಲ್ಲಿ ರಾಗಿ, ಹುರುಳಿ, ಅವರೆಯ ಹೊಲಗಳು ಮತ್ತು ದನ ಮೇಯುವ ಗೋಮಾಳ. ಅದರ ಕೆಳಗೆ ಊರು ಮತ್ತು ತೋಪು. ತಗ್ಗಿನಲ್ಲಿ ಕೆರೆ, ಕೆರೆಯ ಏರಿಯ ಹಿಂದೆ ಗದ್ದೆ ತೋಟಗಳ ಅಚ್ಚುಕಟ್ಟು. ಒಂದು ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೆ. ಅಲ್ಲಿಂದ ಅದರ ಕೆಳಗಿನದಕ್ಕೆ. ಹೀಗೆ ಸರಪಣಿಯಾಗಿ ಹೆಣೆದ ಕೆರೆಗಳ ಕೊನೆಯಲ್ಲಿ ನದಿಯೆಂದು ಹೆಸರಿಸಬಹುದಾದ ಹರಿವು ಕಾಣಿಸಿಕೊಳ್ಳುತ್ತದೆ.

ಈ ವ್ಯವಸ್ಥೆಯಲ್ಲಿ ನಡೆದುದನ್ನು ನದಿಯ ಭಾಷೆಯಲ್ಲಿ ಹೇಳುವುದಾದರೆ, ಅಳಿವೆಯಲ್ಲಿ ಆಗಬೇಕಾದ ಕೆಲಸವನ್ನು ಜನರು ಉಗಮದಲ್ಲಿಯೇ ಮಾಡಿಸಿದರು. ದಿಣ್ಣೆಯಿಂದ ತೊಳೆದುಬಂದ ಮಣ್ಣು ಕೆರೆಯ ನಿಂತ ನೀರಿನಲ್ಲಿ ತಳಕ್ಕಿಳಿಯುತ್ತದೆ. ಕೆರೆಯ ಬಾಯಲ್ಲಿ ಕಾಲುವೆ ಸೇರುವೆಡೆಯಲ್ಲಿ ಬೀಸಣಿಗೆಯಂತೆ ಹರಡಿದ ಹೂಳು ಒಂದು ಪುಟ್ಟ ಮುಖಜಭೂಮಿಯೇ ಸರಿ. ಬೇಸಗೆಯಲ್ಲಿ ಕೆರೆ ಬತ್ತಿದಾಗ ರೈತರು ಆ ಗೋಡುಮಣ್ಣನ್ನು ಗಾಡಿಗಳಲ್ಲಿ ತುಂಬಿ ಹೊಲಗಳಿಗೆ ಹೊಡೆಯುತ್ತಿದ್ದರು. ಮಳೆ ಕೆಳಗಿಳಿಸಿದ ಮಣ್ಣು ಎತ್ತಿನ ಗಾಡಿಯಲ್ಲಿ ಮತ್ತೆ ದಿಣ್ಣೆಗೇರುತ್ತಿತ್ತು. ತಂಜಾವೂರಿನ ರೈತ ಕಾವೇರಿಯ ಮೆಕ್ಕಲಿನಲ್ಲಿ ಪಡೆದುದನ್ನು ಮಳೆ ಕಡಮೆಯಾದ ನಮ್ಮ ಮೈದಾನದ ರೈತ ಹೀಗೆ ತನ್ನ ಊರಿನ ತಗ್ಗಿನಲ್ಲಿ ಸ್ವಲ್ಪಮಟ್ಟಿಗೆ ಪಡೆದನು.

ಇದು ಎಷ್ಟು ಪ್ರಾಚೀನವೆಂಬುದಕ್ಕೆ ಶಾಸನಗಳ ಸಾಕ್ಷ್ಯವಿದೆ. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಗಂಗ ದೊರೆ ಶ್ರೀಪುರುಷನ ಕಾಲದ, ಕ್ರಿ.ಶ. ಸುಮಾರು 750ರ ವೀರಗಲ್ಲು ಕಿತ್ತಯನೆಂಬ ವೀರನ ಮರಣವನ್ನು ದಾಖಲಿಸಿ ಈ ಪ್ರದೇಶವನ್ನು ಪೆರ್ಬೊಳಲ್ ನಾಡು ಎಂದು ಕರೆಯುತ್ತದೆ. ಜಾಲಹಳ್ಳಿಯ ಮಳೆ ಇಳಿಯುವ ತಗ್ಗಿನಲ್ಲಿ ಎಂಟನೆಯ ಶತಮಾನದ ವೇಳೆಗೇ ಕಾದಾಡಿ ಉಳಿಸಿಕೊಳ್ಳತಕ್ಕ ನೆಲೆಯೊಂದಿತ್ತೆಂಬುದು ಇದರಿಂದ ಸ್ಪಷ್ಟ. ದಕ್ಷಿಣ ಪಿನಾಕಿನಿಗೇ ಸೇರುವ ಇನ್ನೊಂದು ಕಣಿವೆಯಲ್ಲಿರುವ ಅಗರದ, ಕ್ರಿ.ಶ. ಸುಮಾರು 870ರ ಶಾಸನ ಇನ್ನೂ ಮುಖ್ಯವಾದುದು. ಇರುಗಮಯ್ಯನ ಮಗ ಸಿರಿಮಯ್ಯನು ಎರಡು ಕೆರೆಗಳಿಗೆ ತೂಬನ್ನಿಡಿಸಿ, ಮೂಡಣ ಕೆರೆಯನ್ನು ಕಟ್ಟಿಸಿ, ಬಿತ್ತುವಟ್ಟವನ್ನು ಪಡೆದನೆಂದು ಅದು ತಿಳಿಸುತ್ತದೆ. ಬಿತ್ತುವಟ್ಟವೆಂದರೆ ಕೆರೆಯ ಕೆಲಸಕ್ಕೆ ಪ್ರತಿಯಾಗಿ ಅದರ ಅಚ್ಚುಕಟ್ಟಿನಲ್ಲಿ ಬಿಟ್ಟುಕೊಟ್ಟ ಭೂಮಿ. ಕೆರೆಯನ್ನು ಕಟ್ಟುವುದು ಪುಣ್ಯಕಾರ್ಯವಷ್ಟೇ ಆಗಿರದೆ, ಹಕ್ಕುಬಾಧ್ಯತೆಗಳನ್ನು ಹುಟ್ಟಿಸುವ ಆರ್ಥಿಕ ಕಾರ್ಯವೂ ಆಗಿದ್ದಿತು. ಮುಂದಿನ ಕಾಲದಲ್ಲಿ ಕಟ್ಟುಕೊಡಗೆ ಎಂಬ ಹೆಸರಿನ ದತ್ತಿಗಳೂ, ತೂಬನ್ನು ತೆರೆದು ಮುಚ್ಚಿ ನೀರು ಹಂಚುವ ನೀರುಗಂಟಿಯ ಹುದ್ದೆಯೂ ಇದೇ ನೀತಿಯ ಮೇಲೆ ನಿಂತವು.

ಊರ ಹೆಸರುಗಳೂ ಇದನ್ನೇ ಹೇಳುತ್ತವೆ. ಮತ್ತಿಕೆರೆಯ ಅರ್ಥವನ್ನು ಬಿಡಿಸಬೇಕಾಗಿಲ್ಲ. ಚೊಕ್ಕಸಂದ್ರ, ಬೊಮ್ಮಸಂದ್ರ ಮುಂತಾದ ಹೆಸರುಗಳ ಕೊನೆಯ 'ಸಂದ್ರ'ವು 'ಸಮುದ್ರ'ದ ತದ್ಭವ. ಕೆರೆ ಕಟ್ಟಿಸಿ ಅದಕ್ಕೆ ಸಮುದ್ರವೆಂದು ಹೆಸರಿಡುವುದು ಹಿಂದಿನವರ ಪದ್ಧತಿ. ನದಿ ಕೊನೆಗೆ ಸೇರಬೇಕಾದ ಸಮುದ್ರವನ್ನು ಅವರು ಹೆಸರಿನಲ್ಲಿಯೂ ಉಗಮಕ್ಕೆ ತಂದುಕೊಂಡಿದ್ದರು. ಯಲಹಂಕ ನಾಡಿನ ಪ್ರಭು ಕೆಂಪೇಗೌಡನು 1537ರಲ್ಲಿ ಬೆಂಗಳೂರಿನ ಕೋಟೆಪೇಟೆಗಳನ್ನು ಸ್ಥಾಪಿಸಿದನೆಂದು ಪ್ರಸಿದ್ಧಿ. ಹೊಸ ಪೇಟೆಯೂ ಧರ್ಮಾಂಬುಧಿ, ಕೆಂಪಾಂಬುಧಿಯಂಥ ಕೆರೆಗಳನ್ನು ಆಶ್ರಯಿಸಿ ಬೆಳೆಯಿತು. ಮಹಾನದಿಯ ದಡದಲ್ಲಿಲ್ಲದ ಈ ನಗರ ದಿಣ್ಣೆಯ ನೆತ್ತಿಯಲ್ಲಿ ನಿಲ್ಲಲು ಸಾಧ್ಯವಾದುದು ಈ ಪರಂಪರೆಯಿಂದಲೇ. ಕ್ರಿ.ಶ. 1860ರ ದಶಕದಲ್ಲಿ ಮೈಸೂರು ಸೀಮೆಯ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿಯವರು, ಹೊಸದೊಂದು ಕೆರೆಗೆ ತಕ್ಕ ಜಾಗವನ್ನು ಇಲ್ಲಿ ಕಂಡುಹಿಡಿಯುವುದೇ ಚಾತುರ್ಯದ ಕೆಲಸವೆಂಬ ಅಭಿಪ್ರಾಯಕ್ಕೆ ಬಂದಿದ್ದರು.

4. ಮೇಲ್ದಂಡೆ ಮತ್ತು ಕೆಳದಂಡೆ

ಉಗಮದಲ್ಲಿ ಹಿಡಿದ ನೀರು ಅಳಿವೆಗೆ ತಲುಪುವುದಿಲ್ಲ. ಕೆಳಗಿನವರು ಇದನ್ನು ಅರಿಯದೆ ಇರಲಿಲ್ಲ. ಕಾವೇರಿಯ ಮುಖಜಭೂಮಿಯಲ್ಲಿ ನದಿ ಶ್ರೀರಂಗದ ಬಳಿಯಲ್ಲಿ ಕೊಳ್ಳಿಡಂ ಮತ್ತು ಕಾವೇರಿಯೆಂದು ಕವಲಾಗುತ್ತದೆ. ನೇರವಾದ, ಹೆಚ್ಚು ಇಳಿಜಾರಿನ ಕೊಳ್ಳಿಡಂ ನೀರನ್ನು ಸೆಳೆದುಕೊಂಡುಬಿಟ್ಟರೆ ತಂಜಾವೂರಿನ ಗದ್ದೆಗಳು ಒಣಗುತ್ತವೆ. ಸಂಪ್ರದಾಯವು ಕರಿಕಾಲ ಚೋಳನ ಹೆಸರಿಗೆ ಕಟ್ಟುವ ಕಲ್ಲಣೆಯಾಗಲಿ, 1830ರ ದಶಕದಲ್ಲಿ ಆರ್ಥರ್ ಕಾಟನ್ ಅವರು ಕೊಳ್ಳಿಡಂಗೆ ಅಡ್ಡಲಾಗಿ ಹಾಕಿಸಿದ ಮೇಲಣೆಯಾಗಲಿ, ಈ ಸಮಸ್ಯೆಯ ಪರಿಹಾರಕ್ಕಾಗಿಯೇ ಹುಟ್ಟಿದವು. ಉಗಮದಲ್ಲಿ ಓಡುವ ನೀರನ್ನು ನಿಲ್ಲಿಸುವುದು ಮನುಷ್ಯನ ಕೆಲಸವಾದರೆ, ಅಳಿವೆಯಲ್ಲಿ ಹಂಚಿಹೋಗುವ ನೀರನ್ನು ಸರಿಯಾದ ಕವಲಿಗೆ ತಿರುಗಿಸುವುದು ಅವನ ಕೆಲಸವಾಯಿತು.

ಈ ಎರಡು ಕೆಲಸಗಳು ಪರಸ್ಪರ ಎದುರಾದುದು 1892ರ ಮೈಸೂರು-ಮದರಾಸು ಒಪ್ಪಂದದಲ್ಲಿ. ಕಾವೇರಿಯೂ ಸೇರಿದಂತೆ ಪಟ್ಟಿಮಾಡಿದ ನದಿಗಳಲ್ಲಿ ಮದರಾಸಿನ ಸಮ್ಮತಿಯಿಲ್ಲದೆ ಮೈಸೂರು ಹೊಸ ಜಲಾಶಯಗಳನ್ನು ಕಟ್ಟಕೂಡದೆಂದು ಅದು ವಿಧಿಸಿತು. 1924ರ ಒಪ್ಪಂದ, 1990ರಲ್ಲಿ ನೇಮಕಗೊಂಡ ನ್ಯಾಯಮಂಡಳಿ, 2007ರ ಅದರ ಅಂತಿಮ ತೀರ್ಪು, ಇವೆಲ್ಲವೂ ಈ ಎಳೆಯ ಮುಂದುವರಿಕೆಗಳು. ಇವುಗಳಲ್ಲಿ ನಮ್ಮ ದಿಣ್ಣೆಗೆ ನೇರವಾಗಿ ಸಂಬಂಧಿಸಿದ ಅಂಶವೊಂದಿದೆ. ಬೆಂಗಳೂರು ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿಯ ಜಲಾನಯನಕ್ಕೆ ಸೇರಿದುದೆಂದೂ, ಅಗತ್ಯದ ಅರ್ಧದಷ್ಟು ಅಂತರ್ಜಲದಿಂದ ದೊರೆಯುವುದೆಂದೂ ಭಾವಿಸಿ ನ್ಯಾಯಮಂಡಳಿಯು ನಗರದ ಕುಡಿಯುವ ನೀರಿನ ಲೆಕ್ಕವನ್ನು ಕಡಿತಗೊಳಿಸಿತ್ತು. 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಲುವನ್ನು ಒಪ್ಪದೆ, ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿ.ಎಂ.ಸಿ. ಅಡಿ ನೀರಿನಲ್ಲಿ 4.75ನ್ನು ಬೆಂಗಳೂರಿನ ಕುಡಿಯುವ ನೀರಿಗೆಂದು ಎಣಿಸಿತು. ಮಳೆಯ ನೀರನ್ನು ಎರಡಾಗಿ ಹಂಚುವ ಗೆರೆ ಜನರ ಬಾಯಾರಿಕೆಯನ್ನು ಹಂಚಲಾರದೆಂಬುದು ಇದರ ತಾತ್ಪರ್ಯವೆಂದು ನಾವು ಗ್ರಹಿಸುತ್ತೇವೆ.

5. ದಿಣ್ಣೆಗೆ ಏರಿದ ನೀರು

ನಗರ ಬೆಳೆದಂತೆ ಊರಕೆರೆಗಳು ಸಾಲದೆ ಹೋದವು. 1894ರಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ನೀರು ತರುವ ಚಾಮರಾಜೇಂದ್ರ ಜಲಯೋಜನೆ ರೂಪುಗೊಂಡಿತು. ಜಾಲಹಳ್ಳಿಯ ಉತ್ತರಕ್ಕಿರುವ ಸೋಲದೇವನಹಳ್ಳಿಯಲ್ಲಿ ನೀರೆತ್ತುವ ಯಂತ್ರಗಳು ನಿಂತವು. 1920ರ ದಶಕದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟ ಬರಿದಾದಾಗ, ಅರ್ಕಾವತಿಯೂ ಕುಮುದ್ವತಿಯೂ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯವನ್ನು ಕಟ್ಟಿ 1933ರಲ್ಲಿ ಬಳಕೆಗೆ ತರಲಾಯಿತು. ಸ್ವಾತಂತ್ರ್ಯಾನಂತರ ಜಾಲಹಳ್ಳಿಯ ದಿಣ್ಣೆಯ ಮೇಲೆಯೇ ಎಚ್.ಎಂ.ಟಿ. (1953), ಭಾರತ್ ಎಲೆಕ್ಟ್ರಾನಿಕ್ಸ್ (1954) ಸಂಸ್ಥೆಗಳು ನೆಲೆಗೊಂಡವು. ಗಟ್ಟಿನೆಲ, ಸಮತಟ್ಟಾದ ಬಯಲು, ಪ್ರವಾಹದ ಭಯವಿಲ್ಲದ ಎತ್ತರ, ರೈಲುಮಾರ್ಗ, ಹೆದ್ದಾರಿಗಳ ಸಾಮೀಪ್ಯ ಇವೆಲ್ಲ ಇಲ್ಲಿದ್ದವು, ಇಲ್ಲದ್ದು ನೀರೊಂದೇ. ಕಡೆಗೆ 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಮೇಲಕ್ಕೆ, ಮೂರು ಎಡೆಗಳಲ್ಲಿ ಎತ್ತಲ್ಪಟ್ಟು ನಗರವನ್ನು ತಲುಪಿತು. 2024ರಲ್ಲಿ ಐದನೆಯ ಹಂತವೂ ಉದ್ಘಾಟನೆಗೊಂಡಿತು.

ಇದನ್ನು ಭೂರೂಪದ ಇತಿಹಾಸದಲ್ಲಿಟ್ಟು ನೋಡಬೇಕು. ಹಳೆಯ ಸಮತಲವನ್ನು ಬಿಟ್ಟು ನದಿ ಕೆಳಗಿಳಿಯಲು ಯಾವ ಇಳಿಜಾರು ಕಾರಣವಾಯಿತೋ ಅದೇ ಇಳಿಜಾರನ್ನು ನಗರವು ವಿದ್ಯುತ್ತಿನ ಬಲದಿಂದ ಪ್ರತಿದಿನ ಹಿಮ್ಮುಖವಾಗಿ ಏರಬೇಕಾಗಿದೆ. ಏರಿಬಂದ ಕಾವೇರಿಯ ನೀರು ಬಳಕೆಯಾದ ಮೇಲೆ ಎಲ್ಲವೂ ಕಾವೇರಿಗೆ ಮರಳುವುದಿಲ್ಲ. ದಿಣ್ಣೆಯ ಪೂರ್ವಕ್ಕೆ ಬಿದ್ದುದು ಹೆಬ್ಬಾಳ, ಬೆಳ್ಳಂದೂರುಗಳ ಮಾರ್ಗವಾಗಿ ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆನೀರು ಕೋಲಾರದ ಕೆರೆಗಳಿಗೂ, ಅನಂತರ ಹೆಬ್ಬಾಳ-ನಾಗವಾರ ಕಣಿವೆಯದು ಚಿಕ್ಕಬಳ್ಳಾಪುರದ ಕೆರೆಗಳಿಗೂ ಹೋಗತೊಡಗಿತು. ಕೊಡಗಿನಲ್ಲಿ ಬಿದ್ದ ಮಳೆ ನಂದಿಬೆಟ್ಟದ ಆಚೆಯ ಕೆರೆಯನ್ನು ತುಂಬಿಸುವ ದಾರಿ ಇದು. ಯಾವ ನದಿಯೂ ತಾನಾಗಿ ಇಂಥ ದಾರಿಯನ್ನು ಹಿಡಿದುದಿಲ್ಲ.

ಇತ್ತ ಉಗಮವು ಬರಿದಾಯಿತು. ಹೆಸರಘಟ್ಟದ ಕೆರೆ ಕಳೆದ ಶತಮಾನದ ಕೊನೆಯ ದಶಕಗಳಿಂದ ಅಪರೂಪದ ವರ್ಷಗಳಲ್ಲಿ ಮಾತ್ರ ನೀರು ಕಂಡಿತು. ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ನೀರು ಪಡೆಯುವುದೂ ಈ ಶತಮಾನದ ಎರಡನೆಯ ದಶಕದಲ್ಲಿ ನಿಂತುಹೋಯಿತು. ಮಳೆ ಕಡಮೆಯಾದುದೇ ಕಾರಣವೆಂಬ ಲೋಕಾಭಿಪ್ರಾಯವನ್ನು ಅರ್ಕಾವತಿಯ ಜಲಾನಯನವನ್ನು ಅಭ್ಯಸಿಸಿದ ಸಂಶೋಧಕರು ಎತ್ತಿಹಿಡಿದಿಲ್ಲ. ಕೊಳವೆಬಾವಿಗಳಿಂದ ಅಂತರ್ಜಲ ಪಾತಾಳಕ್ಕಿಳಿದುದೂ ನೀಲಗಿರಿ ತೋಪುಗಳು ಹಬ್ಬಿದುದೂ ಮುಖ್ಯ ಕಾರಣಗಳೆಂದು ಅವರು ಗುರುತಿಸಿದ್ದಾರೆ. ನಗರದೊಳಗೆ ಧರ್ಮಾಂಬುಧಿ ಬಸ್ಸು ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. 1980ರ ದಶಕದಲ್ಲಿ ಎನ್. ಲಕ್ಷ್ಮಣರಾವ್ ಅವರ ಅಧ್ಯಕ್ಷತೆಯ ತಜ್ಞ ಸಮಿತಿಯು ಉಳಿದ ಕೆರೆಗಳನ್ನು ಕಾಪಾಡಬೇಕೆಂದು ಶಿಫಾರಸು ಮಾಡಿತು. ಆದರೂ ಕೆರೆಯಿಂದ ಕೆರೆಗೆ ಹೋಗುವ ರಾಜಕಾಲುವೆಗಳ ಒತ್ತುವರಿ ನಿಲ್ಲಲಿಲ್ಲ. 2022ರ ಮಳೆಗಾಲದಲ್ಲಿ ಬೆಳ್ಳಂದೂರಿನ ಸುತ್ತಿನ ಬಡಾವಣೆಗಳು ಜಲಾವೃತವಾದವು. 2024ರ ಬೇಸಗೆಯಲ್ಲಿ ಅದೇ ನಗರ ನೀರಿಲ್ಲದೆ ಬಳಲಿತು. ಇವು ಎರಡು ಬೇರೆ ಬೇರೆ ಆಪತ್ತುಗಳೆಂದು ತೋರಿದರೂ ಮೂಲ ಒಂದೇ. ಓಡುವ ನೀರನ್ನು ನಿಲ್ಲಿಸುವ ಏರ್ಪಾಡು ಕೆಟ್ಟ ಮೇಲೆ ಮಳೆಗಾಲದಲ್ಲಿ ಅದು ನುಗ್ಗುತ್ತದೆ, ಬೇಸಗೆಯಲ್ಲಿ ಇರುವುದಿಲ್ಲ.

6. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸಿದ್ಧಪಡುತ್ತವೆಂದು ನಮ್ಮ ಭಾವನೆ. ಮೊದಲನೆಯದು, ಯೌವನದಿಂದ ವಾರ್ಧಕ್ಯಕ್ಕೆ ಸಾಗುವ ನದಿಯ ಮಾದರಿಯನ್ನು ಕನ್ನಡ ನಾಡಿನ ಪೂರ್ವವಾಹಿನಿಗಳಿಗೆ ಹಾಗೆಯೇ ಅನ್ವಯಿಸಲಾಗದು. ಇವುಗಳಲ್ಲಿ ನಿಧಾನವು ಮೊದಲು, ರಭಸವು ಆಮೇಲೆ. ಎರಡನೆಯದು, ಆ ನಿಧಾನವನ್ನು ಗಂಗರ ಕಾಲದಿಂದಲೂ ಗುರುತಿಸಿ ಬಳಸಿಕೊಂಡ ಜನರು ಉಗಮದಲ್ಲಿಯೇ ಸಾವಿರಾರು ಸಣ್ಣ ಅಳಿವೆಗಳನ್ನು ನಿರ್ಮಿಸಿದರು. ನಾವು ಇಂದು ನಿಸರ್ಗವೆಂದು ಭಾವಿಸುವ ಭೂದೃಶ್ಯದ ಬಹುಭಾಗ ಅವರ ಕೃತಿ. ಕೃತಿಯಾದುದರಿಂದ ಅದು ತಾನಾಗಿ ಉಳಿಯತಕ್ಕದ್ದಲ್ಲ. ಏರಿಗೆ ಮಣ್ಣು ಹಾಕುವವರು, ಹೂಳು ತೆಗೆಯುವವರು, ತೂಬನ್ನು ಕಾಯುವವರು ಇದ್ದಷ್ಟು ಕಾಲ ಅದು ಉಳಿಯಿತು.

ಬೆಂಗಳೂರಿನ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗಳಿಗೆ ನದಿಯ ಪಾಠವನ್ನು ಹೇಳುವಾಗ ಗಂಗೆಯ ಮುಖಜಭೂಮಿಯನ್ನೋ ನೈಲ್ ನದಿಯ ಪ್ರವಾಹವನ್ನೋ ಚಿತ್ರಿಸುವುದಕ್ಕೆ ಮುಂಚೆ ಅಧ್ಯಾಪಕರು ಅವರನ್ನು ಜಾಲಹಳ್ಳಿಯಿಂದ ಹೆಬ್ಬಾಳದ ಏರಿಯವರೆಗೆ ನಡೆಸಿಕೊಂಡು ಹೋಗುವುದು ಒಳ್ಳೆಯದು. ರಸ್ತೆ ಯಾವ ಕಡೆ ಇಳಿಯುತ್ತದೆ, ಚರಂಡಿಯ ನೀರು ಎತ್ತ ಹರಿಯುತ್ತದೆ, ಹಳೆಯ ನಕ್ಷೆಯ ಕಾಲುವೆ ಈಗ ಯಾವ ಕಟ್ಟಡದ ಅಡಿಯಲ್ಲಿದೆ ಎಂಬುದನ್ನು ಅವರೇ ಕಂಡುಹಿಡಿಯಲಿ. ಎರಡು ನದಿಗಳು ಹುಟ್ಟುವ ನೆಲದ ಮೇಲೆ ತಾವು ವಾಸಿಸುತ್ತಿದ್ದೇವೆಂಬ ತಿಳಿವಳಿಕೆ ಅವರಲ್ಲಿ ಮೂಡಿದರೆ, ಸಿರಿಮಯ್ಯನು ತೂಬನ್ನಿಡಿಸಿದ ಸಂಗತಿಯನ್ನು ಕಲ್ಲಿನಲ್ಲಿ ಕೊರೆಸಿಟ್ಟುದರ ಅರ್ಥವೂ ಅವರಿಗೆ ತಿಳಿದೀತು.